ಬೆಂಚ್ ಸೀಟಿನ ಮಸ್ಟಾಂಗ್, "ಒನ್ ಆಫ್ ಒನ್" ಅಂತೆ. ಜಾಸ್ತಿ ದುಡ್ಡು ಕೊಡಬಹುದಾ?

ಮೂರನೇ ಗೇರ್:
ನಮಸ್ಕಾರ. ಡೆಟ್ರಾಯಿಟ್ ಹತ್ತಿರ ಇದ್ದೇನೆ. ಹಳೆ ಅಮೆರಿಕನ್ ಕಾರು ತೆಗೆದುಕೊಳ್ಳಲು ಮನೆಯಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿದೆ. 1967ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು) ಒಂದು ಕಣ್ಣಿಗೆ ಬಿದ್ದಿದೆ, ಆದರೆ ಅದರ ಆಪ್ಷನ್ ಪಟ್ಟಿ ನೋಡಿದರೆ ತಲೆ ಕೆಡುತ್ತದೆ. 289 ಘನ ಇಂಚಿನ ವಿ8 ಎಂಜಿನ್, ಎರಡು ಬ್ಯಾರಲ್ ಕಾರ್ಬುರೇಟರ್. ಅದಕ್ಕೆ ಮೂರೇ ಮೂರು ಗೇರಿನ ಮ್ಯಾನ್ಯುಯಲ್. ಮುಂದೆ ಬಕೆಟ್ ಸೀಟಿನ ಬದಲು ಉದ್ದನೆಯ ಬೆಂಚ್ ಸೀಟು. ಫ್ಯಾಕ್ಟರಿ ಏಸಿ ಇದೆ, ರೇಡಿಯೋ ಮಾತ್ರ ಇಲ್ಲ!

ಮಾರುವವನು ಮಾರ್ಟಿ ರಿಪೋರ್ಟ್ (ಫೋರ್ಡ್‌ನ ಹಳೆ ದಾಖಲೆ ನೋಡಿ ಕಾರಿನ ವಿವರ ಬರೆದುಕೊಡುವ ಕಾಗದ) ತೋರಿಸುತ್ತಾನೆ. ಈ ಬಣ್ಣ, ಈ ಸೀಟು, ಈ ಎಂಜಿನ್, ಈ ಆಪ್ಷನ್‌ಗಳು ಸೇರಿದ ಕಾರು ಪ್ರಪಂಚದಲ್ಲಿ ಇದೊಂದೇ ಅಂತೆ. ಅದಕ್ಕೇ ಸಾಮಾನ್ಯ ಮಸ್ಟಾಂಗ್‌ಗಿಂತ ಕಾಲು ಭಾಗ ಜಾಸ್ತಿ ಕೇಳುತ್ತಿದ್ದಾನೆ. ಇದಕ್ಕೆ ಅರ್ಥ ಇದೆಯಾ? ಮತ್ತೆ, ನೀವು ನೋಡಿದ ವಿಚಿತ್ರ ಆಪ್ಷನ್ ಜೋಡಿಗಳು ಯಾವುವು? ಹೇಳಿ.

ಸುಮ್ನೆ ಓದ್ತೀನಿ:
ಬಣ್ಣ ಯಾವುದು? ಫೋಟೋ ಹಾಕದೆ ಈ ಥರ ಕೇಳೋದು ಪಾಪ.

ಲೆಕ್ಕದ ಮೇಷ್ಟ್ರು:
ಕೊಡಬೇಡಿ. "ಒನ್ ಆಫ್ ಒನ್" ಅನ್ನೋದು ಬರೀ ಲೆಕ್ಕದ ಆಟ.

ಕಾರಿಗೆ 20 ಆಪ್ಷನ್ ಇವೆ ಅಂದುಕೊಳ್ಳಿ. ಪ್ರತಿಯೊಂದಕ್ಕೂ ಬೇಕು ಅಥವಾ ಬೇಡ, ಎರಡೇ ಉತ್ತರ. ಅಷ್ಟಕ್ಕೇ 10,48,576 ಬಗೆಯ ಕಾರು ಆಯ್ತು. 1967ರಲ್ಲಿ ಫೋರ್ಡ್ ಮಾಡಿದ ಮಸ್ಟಾಂಗ್‌ಗಳು 4,72,121. ಇನ್ನೂ ಬಣ್ಣ, ಒಳಗಿನ ಬಣ್ಣ, ಎಂಜಿನ್, ಆಕ್ಸಲ್ ಅನುಪಾತ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ದರ್ಶಿನಿಯಲ್ಲಿ ಇಡ್ಲಿಗೆ ವಡೆ, ಸಾಂಬಾರ್ ಬೇರೆ, ಚಟ್ನಿ ಎರಡು, ಕಾಫಿಗೆ ಸಕ್ಕರೆ ಕಮ್ಮಿ ಅಂತ ಹೇಳುತ್ತಾ ಹೋದರೆ ನಿಮ್ಮ ತಟ್ಟೆಯೂ ಆ ದಿನಕ್ಕೆ ಒನ್ ಆಫ್ ಒನ್ನೇ. ಅದಕ್ಕೆ ಯಾರಾದರೂ ಕಾಲು ಭಾಗ ಜಾಸ್ತಿ ಕೊಡ್ತಾರಾ?

ಸೋಸುತ್ತಾ ಹೋದರೆ ಆ ಕಾಲದ ಯಾವ ಕಾರೂ ಕೊನೆಗೆ ಒಂದೇ ಆಗಿ ಉಳಿಯುತ್ತದೆ. ಬೂದಿ ಡಬ್ಬಿಯ ದೀಪ ಸೇರಿಸಿದರೆ ಮುಗೀತು.

ಬಿಸ್ಕೇನ್ ಭಕ್ತ:
ಮೇಷ್ಟ್ರೇ, ಲೆಕ್ಕ ಸರಿ. ಆದರೆ ಎಲ್ಲ ಆಪ್ಷನ್‌ಗಳೂ ಒಂದೇ ತೂಕದವಲ್ಲ. ಬೂದಿ ಡಬ್ಬಿಯ ದೀಪ ಬೇರೆ, ಎಂಜಿನ್ ಬೇರೆ. 1969ರ ಷೆವ್ರೊಲೆ ಕ್ಯಾಮರೋಗಳಲ್ಲಿ ಝಡ್‌ಎಲ್1 ಎಂಜಿನ್‌ನವು ಬರೀ 69. ಅದನ್ನು ಅಪರೂಪ ಅಲ್ಲ ಅಂತೀರಾ?

ಆ ಕಾರಿನ ಕಥೆ ಗೊತ್ತಿಲ್ಲದವರಿಗೆ: ಕ್ಯಾಮರೋ, ಶೆವೆಲ್ ಥರದ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಷೆವ್ರೊಲೆಯ ಮಾಲೀಕ ಜಿಎಂ ಕಂಪನಿಯದ್ದೇ ನಿಯಮ ಇತ್ತು. ಆದರೆ ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್, ಅಂದರೆ ಕೋಪೋ ಅನ್ನೋ ಹಿಂಬಾಗಿಲೂ ಇತ್ತು. ಟ್ಯಾಕ್ಸಿ ಕಂಪನಿಗೆ ಗಟ್ಟಿ ಸೀಟು, ಪೊಲೀಸರಿಗೆ ಬೇರೆ ವೈರಿಂಗ್, ಇನ್ಯಾರಿಗೋ ಅವರದೇ ಬಣ್ಣ. ಇಂಥ ಸಗಟು ಆರ್ಡರ್‌ಗಳಿಗೆ ಇಟ್ಟಿದ್ದ ದಾರಿ ಅದು. ಅದೇ ದಾರಿಯಲ್ಲಿ ಇಲಿನಾಯ್‌ನ ಲಾ ಹಾರ್ಪ್ ಊರಿನ ಡೀಲರ್ ಫ್ರೆಡ್ ಗಿಬ್, ಪೂರ್ತಿ ಅಲ್ಯೂಮಿನಿಯಂನ 427 ಎಂಜಿನ್ ಹಾಕಿದ 50 ಕ್ಯಾಮರೋ ತರಿಸಿದ. ಎಂಜಿನ್ ಒಂದಕ್ಕೇ 4,160 ಡಾಲರ್ ಜಾಸ್ತಿ. ಕಾರಿನ ಬೆಲೆ 7,000 ದಾಟಿತು. ಕೊಳ್ಳುವವರಿಲ್ಲ! ಬಹಳಷ್ಟನ್ನು ಕಂಪನಿ ವಾಪಸ್ ತೆಗೆದುಕೊಂಡು ಬೇರೆ ಡೀಲರ್‌ಗಳಿಗೆ ಹಂಚಬೇಕಾಯ್ತು. ಅಂದು ಯಾರಿಗೂ ಬೇಡವಾದ ಕಾರು. ಇಂದು ಹರಾಜಿಗೆ ಬಂದರೆ ಹಾಲ್ ಪೂರ್ತಿ ತುಂಬುತ್ತದೆ.

ಉರುಳೋ ಚಕ್ರ:
ಯೆಂಕೋ ಕ್ಯಾಮರೋ ಕೂಡ ಕೋಪೋನೇ ಅಲ್ವಾ?

ಬಿಸ್ಕೇನ್ ಭಕ್ತ:
1969ರವು ಹೌದು. ಅವಕ್ಕೆ ಫ್ಯಾಕ್ಟರಿಯಲ್ಲೇ 427 ಕೂರಿಸಿದ್ದರು, ಕಬ್ಬಿಣದ ಬ್ಲಾಕಿನ ಎಲ್72. 1967ರಲ್ಲಿ ಡೀಲರ್ ಡಾನ್ ಯೆಂಕೋ ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನ ತನ್ನ ಶಾಪ್‌ನಲ್ಲೇ ಎಂಜಿನ್ ಬದಲಾಯಿಸುತ್ತಿದ್ದ. ಈ ಚರ್ಚೆಗೆ ಫ್ಯಾಕ್ಟರಿ ಜೋಡಣೆ ಮಾತ್ರ ಲೆಕ್ಕಕ್ಕೆ.

ನನ್ನ ಹೆಸರು ನೋಡಿದರೇ ಗೊತ್ತಾಗುತ್ತೆ, ನನಗೆ ಇದಕ್ಕಿಂತ ಇಷ್ಟವಾದದ್ದು 1969ರ ಬಿಸ್ಕೇನ್. ಷೆವ್ರೊಲೆಯ ದೊಡ್ಡ ಕಾರುಗಳಲ್ಲೇ ಅಗ್ಗದ್ದು. ನೆಲಕ್ಕೆ ಕಾರ್ಪೆಟ್ ಇಲ್ಲ, ರಬ್ಬರ್ ಹಾಸು. ಬೆಂಚ್ ಸೀಟು. ಚಕ್ರಕ್ಕೆ ಚಿಕ್ಕ ಬಟ್ಟಲಿನಂಥ ಕ್ಯಾಪ್. ಸರ್ಕಾರಿ ಇಲಾಖೆಯ ಕಾರಿನ ಕಳೆ. ಅದರೊಳಗೆ ಅದೇ 425 ಅಶ್ವಶಕ್ತಿಯ 427! ದೊಡ್ಡ ಕಾರಾದ್ದರಿಂದ 400ರ ನಿಯಮ ಇದಕ್ಕೆ ಇರಲಿಲ್ಲ, ಕೋಪೋ ಕೂಡ ಬೇಕಿರಲಿಲ್ಲ. ಸಾಮಾನ್ಯ ಆರ್ಡರ್ ಫಾರ್ಮಿನಲ್ಲೇ ಟಿಕ್ ಮಾಡಬಹುದಿತ್ತು. ಅಂಥದ್ದನ್ನು ಬರೆಸಿದವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು.

ಹೆಮಿ ಹುಚ್ಚ:
ಷೆವ್ರೊಲೆ ಭಜನೆ ಸಾಕು. ಕ್ರೈಸ್ಲರ್ ಕಡೆ ಬನ್ನಿ. 1970ರ ಪ್ಲಿಮತ್ "ಕುಡಾ", ಅದರಲ್ಲಿ ಹೆಮಿ (ಕ್ರೈಸ್ಲರ್‌ನ 426 ಘನ ಇಂಚಿನ ದೊಡ್ಡ ಎಂಜಿನ್) ಇದ್ದ ಕನ್ವರ್ಟಿಬಲ್, ಅಂದರೆ ಛಾವಣಿ ಮಡಚುವ ಕಾರು, ಅಮೆರಿಕದಲ್ಲಿ ಮಾರಿದ್ದು 14. ಅದೂ ಪ್ಲಮ್ ಕ್ರೇಜಿ, ಸಬ್‌ಲೈಮ್, ಪ್ಯಾಂಥರ್ ಪಿಂಕ್ ಅಂತ ಬಣ್ಣಗಳಿದ್ದ ಕಾಲ. ನನ್ನ ಪರಿಚಯದವರೊಬ್ಬರು ಹೆಮಿ ಎಂಜಿನ್ ಜೊತೆ ಫ್ಯಾಕ್ಟರಿ ಏಸಿ ಇರುವ ಪ್ಲಿಮತ್ ರೋಡ್ ರನ್ನರ್ ನೋಡಿದ್ದಾರೆ. ಅದಲ್ವಾ ವಿಚಿತ್ರ ಜೋಡಿ!

ಕಾರ್ಬುರೇಟರ್ ಅಕ್ಕ:
ನೋಡಿರಬಹುದು. ಫ್ಯಾಕ್ಟರಿಯಿಂದ ಬಂದದ್ದಲ್ಲ. ಬೀದಿಗೆ ಮಾರಿದ 426 ಹೆಮಿ ಜೊತೆ ಏಸಿ ಆರ್ಡರ್ ಮಾಡಲಿಕ್ಕೇ ಆಗುತ್ತಿರಲಿಲ್ಲ. ಕ್ರೈಸ್ಲರ್‌ನದೇ ಇನ್ನೊಂದು ದೊಡ್ಡ ಎಂಜಿನ್ 440 ಸಿಕ್ಸ್ ಪ್ಯಾಕ್‌ಗೂ ಅಷ್ಟೇ. ಆ ಕಾರಿನಲ್ಲಿ ಒಂದೋ ಏಸಿ ಆಮೇಲೆ ಬಂದದ್ದು, ಇಲ್ಲ ಹೆಮಿ ಆಮೇಲೆ ಬಂದದ್ದು. ಎರಡನೆಯದೇ ಇರಬೇಕು.

ಆಗದ ಜೋಡಿಗಳನ್ನು ತಿಳಿದುಕೊಳ್ಳೋದು ಆಗುವ ಜೋಡಿಗಳಿಗಿಂತ ಮುಖ್ಯ. 1967ರಿಂದ 69ರವರೆಗಿನ ಝಡ್/28 (ರೇಸಿಗೆ ಹೊಂದುವಂತೆ ಮಾಡಿದ ಕ್ಯಾಮರೋ) ತಗೊಂಡರೆ ಆಟೋಮ್ಯಾಟಿಕ್ ಇಲ್ಲ, ಏಸಿ ಇಲ್ಲ, ಕನ್ವರ್ಟಿಬಲ್ ಇಲ್ಲ. "ಅಪರೂಪದ ಆಟೋಮ್ಯಾಟಿಕ್ 1969 ಝಡ್/28" ಅಂತ ಜಾಹೀರಾತು ಬಂದರೆ ಫೋನು ಮಾಡಬೇಡಿ.

ಹೆಮಿ ಹುಚ್ಚ:
ಝಡ್/28 ಕನ್ವರ್ಟಿಬಲ್ ಒಂದು ಇದೆ ಅಕ್ಕ. 1968ರದ್ದು.

ಕಾರ್ಬುರೇಟರ್ ಅಕ್ಕ:
ಇದೆ. ಷೆವ್ರೊಲೆಯ ಮುಖ್ಯಸ್ಥ ಪೀಟ್ ಎಸ್ಟಿಸ್‌ಗೆ ಅಂತಲೇ ಮಾಡಿದ್ದು. ಸಾಹೇಬರಿಗೆ ಓಪನ್ ಕಾರು ಇಷ್ಟ, ಝಡ್/28 ಎಂಜಿನ್ ಎಷ್ಟು ಚೆನ್ನಾಗಿದೆ ಅಂತ ಅವರಿಗೆ ತೋರಿಸಬೇಕಿತ್ತು, ಕೆಳಗಿನವರು ಮಾಡಿಸಿದರು. ನೀವು ಕಂಪನಿಯ ಮುಖ್ಯಸ್ಥರಾಗಿದ್ದರೆ ನಿಮಗೂ ಸಿಗುತ್ತಿತ್ತು.

ಹೆಮಿ ಹುಚ್ಚ:
ಸರಿ ಬಿಡಿ, ಇಲ್ಲದ್ದನ್ನೇ ಆಪ್ಷನ್ ಅಂತ ಮಾರಿದ್ದು ಹೇಳ್ತೀನಿ. 1969ರ ಮಧ್ಯದಲ್ಲಿ ಬಂದ ಎ12 ರೋಡ್ ರನ್ನರ್. ಬಾನೆಟ್ಟಿಗೆ ಹಿಂಜ್‌ಗಳೇ ಇಲ್ಲ. ನಾಲ್ಕು ಪಿನ್ ಕಿತ್ತು ಇಬ್ಬರು ಎತ್ತಿ ಪಕ್ಕಕ್ಕೆ ಇಡಬೇಕು. ಚಕ್ರದ ಕ್ಯಾಪ್ ಕೂಡ ಇಲ್ಲ, ಕಪ್ಪು ಉಕ್ಕಿನ ರಿಮ್ಮು, ಕ್ರೋಮ್ ನಟ್ಟು. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ನೋಡೋಕೂ ಜೊತೆಗೊಬ್ಬ ಬೇಕು.

ಲೆಕ್ಕದ ಮೇಷ್ಟ್ರು:
ಇಲ್ಲದ್ದನ್ನು ಮಾರಿದ್ದಕ್ಕೆ ಎಲ್88 ಎಂಜಿನ್‌ನ ಷೆವ್ರೊಲೆ ಕೊರ್ವೆಟ್ ಮುಂದೆ ಬೇರೆ ಯಾವುದೂ ನಿಲ್ಲಲ್ಲ. 1967ರಲ್ಲಿ 947 ಡಾಲರ್ 90 ಸೆಂಟ್ ಕೊಟ್ಟು ಆ ಎಂಜಿನ್ ಬರೆಸಿದರೆ ರೇಡಿಯೋ ಇಲ್ಲ, ಹೀಟರ್ ಇಲ್ಲ. ಮಿಶಿಗನ್ ಚಳಿಯಲ್ಲಿ ಹೀಟರ್ ಇಲ್ಲದ ಕಾರು! ಕಾಗದದ ಮೇಲೆ ಶಕ್ತಿ 430. ಅದಕ್ಕಿಂತ ಅಗ್ಗದ ಇನ್ನೊಂದು ಎಂಜಿನ್ ಎಲ್71ಗೆ 435. ಪಟ್ಟಿ ನೋಡಿ ಕೊಳ್ಳುವವನು 435 ತಾನೇ ಬರೆಸುತ್ತಾನೆ? ನಿಜದಲ್ಲಿ ಎಲ್88 ಐನೂರಕ್ಕೂ ಮೇಲೆ. ರೇಸ್ ಓಡಿಸುವವರಿಗೆ ಮಾತ್ರ ಹೋಗಲಿ, ಶೋಕಿಗೆ ಕೊಳ್ಳುವವರು ದೂರ ಇರಲಿ ಅಂತಲೇ ಈ ಏರ್ಪಾಡು. ಆ ವರ್ಷ ಮಾರಾಟ ಆದದ್ದು 20.

ಸುಮ್ನೆ ಓದ್ತೀನಿ:
ಎಲ್ಲರೂ ಅಶ್ವಶಕ್ತಿ ಅಶ್ವಶಕ್ತಿ ಅಂತಾನೇ ಇದ್ದೀರಿ. ಇವರು ಕೇಳಿದ್ದು ವಿಚಿತ್ರ ಆಪ್ಷನ್. ಹೂವಿನ ಛಾವಣಿ ಯಾರೂ ಹೇಳಲಿಲ್ವಲ್ಲ?

ಉರುಳೋ ಚಕ್ರ:
ಹೂವಿನ ಛಾವಣಿನಾ?

ಸುಮ್ನೆ ಓದ್ತೀನಿ:
ಪ್ಲಿಮತ್ ಮಾಡ್ ಟಾಪ್. 1969, 70ರಲ್ಲಿ. ಕಾರಿನ ವಿನೈಲ್ ಛಾವಣಿಯ ಮೇಲೆ ದೊಡ್ಡ ದೊಡ್ಡ ಹೂಗಳ ಪ್ರಿಂಟು. ಸೀಟಿಗೂ ಅದಕ್ಕೆ ಹೊಂದುವ ಹೂವು. ಆ ಸೀಟು ಫೋಟೋದಲ್ಲಿ ನೋಡಿದಾಗ ನಮ್ಮ ಅಜ್ಜಿ ಮನೆಯ ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ನೆನಪಾಯ್ತು. ಹೆಂಗಸರು ಕೊಳ್ಳುತ್ತಾರೆ ಅಂತ ಕಂಪನಿಯ ಗಂಡಸರು ಕೂತು ತೀರ್ಮಾನ ಮಾಡಿದ್ದಂತೆ ಕಾಣುತ್ತದೆ. ಮೊಸಳೆ ಚರ್ಮದ ಥರ ಕಾಣುವ ಛಾವಣಿ ಕೂಡ ಇತ್ತು.

ಕಾರ್ಬುರೇಟರ್ ಅಕ್ಕ:
ನನಗೆ ಮಾಡ್ ಟಾಪ್ ಬೇಡ ಮಾರಾಯ್ರೇ. ಅದೇ ದುಡ್ಡಿಗೆ ಡಿಸ್ಕ್ ಬ್ರೇಕ್ ಕೊಡಿ.

ಬಟ್ಟೆ ವಿಷಯಕ್ಕೆ ಬಂದರೆ ಎಎಂಸಿ ಕಂಪನಿಯವರು ಎಲ್ಲರನ್ನೂ ಮೀರಿಸಿದವರು. 1972ರ ಹಾರ್ನೆಟ್ ಸ್ಪೋರ್ಟಬೌಟ್ ವ್ಯಾಗನ್‌ಗೆ ಗೂಚಿ ಒಳಾಂಗಣ, ಹಸಿರು ಕೆಂಪು ಪಟ್ಟೆ ಸಮೇತ. ಜಾವೆಲಿನ್‌ಗೆ ಪಿಯರ್ ಕಾರ್ಡಿನ್. 1973ರಿಂದ ಗ್ರೆಮ್ಲಿನ್‌ಗೆ ಲೀವೈಸ್! ಸೀಟಿಗೆ ಜೀನ್ಸ್ ಬಟ್ಟೆ, ಕಿತ್ತಳೆ ಹೊಲಿಗೆ, ತಾಮ್ರದ ಗುಂಡಿ. ಆದರೆ ಅದು ಹತ್ತಿಯ ಜೀನ್ಸ್ ಅಲ್ಲ. ಬೆಂಕಿ ಸುರಕ್ಷತೆಯ ನಿಯಮಕ್ಕೆ ಹತ್ತಿ ಹೊಂದಲಿಲ್ಲ, ನೈಲಾನ್ ನೂಲಿನಲ್ಲಿ ಹಾಗೆ ಕಾಣುವಂತೆ ನೇಯಿಸಿದರು. ಬಡ ಕಂಪನಿ, ಹೊಸ ಎಂಜಿನ್ ಮಾಡಲು ದುಡ್ಡಿಲ್ಲ, ತಲೆ ಮಾತ್ರ ಚುರುಕು.

ಉರುಳೋ ಚಕ್ರ:
ನನ್ನ ಓಟು ಲಿಕ್ವಿಡ್ ಟೈರ್ ಚೈನ್‌ಗೆ. 1969ರ ಕ್ಯಾಮರೋ ಪಟ್ಟಿಯಲ್ಲಿ ವಿ75. ಹಿಮದ ಮೇಲೆ ಕಾರು ಸಿಕ್ಕಿಕೊಂಡರೆ ಡ್ಯಾಶ್‌ನಲ್ಲಿ ಗುಂಡಿ ಒತ್ತಬೇಕು. ಹಿಂದಿನ ಟೈರ್‌ಗಳ ಮೇಲೆ ಡಬ್ಬಿಯಿಂದ ಅಂಟಿನಂಥ ದ್ರವ ಚಿಮ್ಮುತ್ತದೆ. ಅಷ್ಟೇ. ಇದನ್ನು ಬರೆಸಿದವನೇ ಏಸಿ ಕೂಡ ಬರೆಸಿದ್ದರೆ ಅವನ ಊರು ಯಾವುದು ಅಂತ ತಿಳಿಯುವ ಆಸೆ.

ಶಿವಮೊಗ್ಗ ಸ್ಟ್ಯಾಂಡ್:
ಹಾಡಿನವರು ಯಾರೂ ಇಲ್ವಾ ಇಲ್ಲಿ? 1956ರ ಕ್ರೈಸ್ಲರ್ ಕಾರುಗಳಲ್ಲಿ ಹೈವೇ ಹೈಫೈ ಅಂತ ಒಂದು ಆಪ್ಷನ್. ಡ್ಯಾಶ್ ಕೆಳಗೆ ನಿಜವಾದ ಗ್ರಾಮಫೋನು. ಸಿಬಿಎಸ್ ಲ್ಯಾಬಿನ ಪೀಟರ್ ಗೋಲ್ಡ್‌ಮಾರ್ಕ್ ಮಾಡಿದ್ದು, ಮನೆಗೆ ಎಲ್‌ಪಿ ರೆಕಾರ್ಡ್ ತಂದ ಅದೇ ಮನುಷ್ಯ. 7 ಇಂಚಿನ ತಟ್ಟೆ, ನಿಮಿಷಕ್ಕೆ 16⅔ ಸುತ್ತು. ನಿಧಾನ ತಿರುಗೋದ್ರಿಂದ ಒಂದು ಬದಿಗೆ ಮುಕ್ಕಾಲು ಗಂಟೆ ಸಂಗೀತ ಹಿಡಿಯುತ್ತಿತ್ತು. ತೊಂದರೆ ಏನಂದ್ರೆ ಮನೆಯ ರೆಕಾರ್ಡ್ ಇದರಲ್ಲಿ ಓಡಲ್ಲ, ಇದರ ರೆಕಾರ್ಡ್ ಮನೆಯಲ್ಲಿ ಓಡಲ್ಲ. ಕಂಪನಿ ಕೊಟ್ಟ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಕೇಳಬೇಕು. ಬೇಗ ನಿಂತುಹೋಯ್ತು.

ಲೆಕ್ಕದ ಮೇಷ್ಟ್ರು:
ಕ್ರೈಸ್ಲರ್‌ನವರು 1958ರಲ್ಲಿ ಇನ್ನೂ ಒಂದು ಹುಚ್ಚು ಮಾಡಿದರು. ಬೆಂಡಿಕ್ಸ್ ಎಲೆಕ್ಟ್ರೋಜೆಕ್ಟರ್, ಎಲೆಕ್ಟ್ರಾನಿಕ್ ಫ್ಯುಯಲ್ ಇಂಜೆಕ್ಷನ್. 35 ಕಾರುಗಳಿಗೆ ಹಾಕಿದರು. ಆ ಕಾಲದ ಬಿಡಿಭಾಗಗಳಿಗೆ ಕಾರಿನ ಬಿಸಿ, ಅದುರು ತಡೆಯಲಿಲ್ಲ. ಹೆಚ್ಚಿನವನ್ನು ವಾಪಸ್ ಕರೆಸಿ ಕಾರ್ಬುರೇಟರ್ ಹಾಕಿ ಕೊಟ್ಟರು. ಆಮೇಲೆ ಬೆಂಡಿಕ್ಸ್‌ನ ಪೇಟೆಂಟ್‌ಗಳು ಬಾಷ್ ಕೈಗೆ ಹೋದವು.

ಶಿವಮೊಗ್ಗ ಸ್ಟ್ಯಾಂಡ್:
ಬಾಷ್ ಅಂದ್ರೆ ನಮ್ಮ ಆಡುಗೋಡಿಯ ಮೈಕೋ ಕಂಪನಿಯ ದೊಡ್ಡಪ್ಪ! ಊರು ಬಿಟ್ಟು ಬಂದು ಎಷ್ಟು ವರ್ಷ ಆದರೂ ನಮಗೆ ಅದು ಮೈಕೋನೇ.

ಹಾಗೆ ನೋಡಿದರೆ ನಮ್ಮ ಕಡೆ ಈ ಆಪ್ಷನ್ ಹಣೆಬರಹವೇ ಇರಲಿಲ್ಲ. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಜೋಡಿಸುತ್ತಿದ್ದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಒಳಗೆ ಪ್ಲಿಮತ್ತೇ. ಬ್ಯಾಡ್ಜ್, ಗ್ರಿಲ್ ಬೇರೆ. ಅದೇ ಆಪ್ಷನ್. ಆಮೇಲೆ ಅಂಬಾಸಿಡರ್ ಕಾಲಕ್ಕಂತೂ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯೋದು, ಬಂದ ಬಣ್ಣ ತಗೊಳ್ಳೋದು. ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂಗೆ ಹೋದವರು ಅಲ್ಲಿರುವ ಅಮೆರಿಕನ್ ಕಾರುಗಳ ಸ್ಟೇರಿಂಗ್ ಯಾವ ಕಡೆ ಇದೆ ಅಂತ ಗಮನಿಸಿ. ಬಲಗಡೆ ಇದ್ದರೆ ರಫ್ತಿಗೆ ಮಾಡಿದ್ದು. ಡೆಟ್ರಾಯಿಟ್‌ನವರಿಗೆ ಅದೇ ವಿಚಿತ್ರ.

ಹೆಮಿ ಹುಚ್ಚ:
ವಿಷಯಕ್ಕೆ ಬನ್ನಿ ಸ್ವಾಮಿ. ನನ್ನದೊಂದು: 1970ರ ಪಾಂಟಿಯಾಕ್ ಜಿಟಿಒ, ಅದೂ ಜಿಎಂನದ್ದೇ. ಡ್ಯಾಶ್ ಕೆಳಗೆ "ಎಕ್ಸಾಸ್ಟ್" ಅಂತ ಬರೆದ ಗುಬುಟು. ಎಳೆದರೆ ಸೈಲೆನ್ಸರ್ ಒಳಗಿನ ಬಾಗಿಲು ತೆರೆದು ಶಬ್ದ ಜೋರಾಗುತ್ತದೆ. ಸೂಪರ್ ಬೌಲ್ ಪಂದ್ಯದ ಹೊತ್ತಿಗೆ ಟಿವಿಯಲ್ಲಿ ಜಾಹೀರಾತು ಕೂಡ ಕೊಟ್ಟರು. ಜಿಎಂನ ದೊಡ್ಡವರು ನೋಡಿ ಕೆಂಡವಾಗಿ ಆಪ್ಷನ್ನೇ ನಿಲ್ಲಿಸಿಬಿಟ್ಟರು. ಅಷ್ಟರಲ್ಲಿ 233 ಕಾರು ಆಗಿತ್ತು.

ಮೂರನೇ ಗೇರ್:
ಎಲ್ಲ ಮಜವಾಗಿದೆ, ಆದರೆ ನನ್ನ ಬೆಂಚ್ ಸೀಟು ಎಲ್ಲಿ ಹೋಯ್ತು? 😄 ಆ ರೇಡಿಯೋ ಡಿಲೀಟ್‌ಗಾದರೂ, ಅಂದರೆ ರೇಡಿಯೋ ಬೇಡ ಅಂತ ತೆಗೆಸಿದ್ದಕ್ಕಾದರೂ, ಬೆಲೆ ಇದೆಯಾ?

ಗ್ರೀಸ್ ಕೈ:
ಈಗ ನೋಡಿದೆ ಈ ಚರ್ಚೆ. ಈ ಕಾರುಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಹೇಳ್ತೀನಿ ಕೇಳಿ.

ಮೊದಲನೆಯದು, 1967ರ ಮಸ್ಟಾಂಗ್‌ನಲ್ಲಿ "ರೇಡಿಯೋ ಡಿಲೀಟ್" ಅನ್ನೋದೇ ಇಲ್ಲ. ರೇಡಿಯೋನೇ ಆಪ್ಷನ್. ದುಡ್ಡು ಕೊಟ್ಟು ಬರೆಸದಿದ್ದರೆ ಬರುತ್ತಿರಲಿಲ್ಲ, ಆ ಜಾಗಕ್ಕೆ ಒಂದು ತಗಡಿನ ಮುಚ್ಚಳ. ಡಿಲೀಟ್ ಅಂದುಕೊಂಡು ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ.

ಚಾಲಕನ ಬಾಗಿಲ ಅಂಚಿನ ತಗಡು ನೋಡಿ. ಹಾರ್ಡ್‌ಟಾಪ್‌ಗೆ ಬಾಡಿ ಕೋಡ್ 65ಎ ಇದ್ದರೆ ಬಕೆಟ್ ಸೀಟು, 65ಸಿ ಇದ್ದರೆ ಬೆಂಚ್. 65ಎ ಅಂತಿದ್ದು ಒಳಗೆ ಬೆಂಚ್ ಇದ್ದರೆ ಯಾರೋ ಆಮೇಲೆ ಹಾಕಿದ್ದು. ಅದೇ ತಗಡಿನಲ್ಲಿ ಆಕ್ಸಲ್, ಗೇರ್‌ಬಾಕ್ಸ್, ಬಣ್ಣದ ಕೋಡ್ ಇರುತ್ತದೆ. ಡಿಎಸ್‌ಒ ಅನ್ನೋ ಅಂಕಿ ಯಾವ ಮಾರಾಟ ಜಿಲ್ಲೆಯಿಂದ ಆರ್ಡರ್ ಬಂತು ಅಂತ ಹೇಳುತ್ತದೆ. ಎರಡಂಕಿ ಇದ್ದರೆ ಮಾಮೂಲಿ ಆರ್ಡರ್. ಮುಂದೆ ಇನ್ನೂ ನಾಲ್ಕು ಅಂಕಿ ಇದ್ದರೆ ಸ್ಪೆಷಲ್ ಆರ್ಡರ್, ಕಿವಿ ನೆಟ್ಟಗೆ ಮಾಡಿಕೊಳ್ಳಿ. ಏಸಿ ಆ ತಗಡಿನಲ್ಲಿ ಬರಲ್ಲ, ಅದಕ್ಕೆ ಮಾರ್ಟಿ ರಿಪೋರ್ಟೇ ಬೇಕು. ರಿಪೋರ್ಟನ್ನು ಮಾರುವವನ ಕೈಯಿಂದ ನಂಬಬೇಡಿ. ಕಾರಿನ ಮೇಲಿನ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಓದಿಕೊಂಡು ನೀವೇ ಹೊಸದಾಗಿ ತರಿಸಿ.

ಇನ್ನು ಬೆಂಚ್ ಸೀಟು. ನಡುವೆ ಮಡಚುವ ತೋಳು ಇರುತ್ತೆ, ಅದನ್ನು ಮೇಲೆತ್ತಿದರೆ ಮೂರನೆಯವರು ಕೂರಬಹುದು. ಕಾಗದದ ಮೇಲೆ. ನಿಮ್ಮ ಕಾರಿನ ಗೇರ್ ನೆಲದಲ್ಲಿದೆ. ಆ ಮೂರನೆಯವರ ಕಾಲುಗಳ ನಡುವೆ ಗೇರ್ ಕಡ್ಡಿ, ಪಾದದ ಕೆಳಗೆ ಗೇರ್‌ಬಾಕ್ಸ್ ದಿಬ್ಬ. ಎರಡನೇ ಗೇರ್ ಹಾಕುವಾಗಲೆಲ್ಲ ಅವರನ್ನು ಸ್ವಲ್ಪ ಜರುಗಿ ಅಂತ ಕೇಳಬೇಕು. ಮಗುವನ್ನು ಕೂರಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ.

ಬಿಸ್ಕೇನ್ ಭಕ್ತ:
ಫೋರ್ಡ್‌ನವರು ಪುಣ್ಯವಂತರು. 1967ರಿಂದ ಮುಂದಿನ ದಾಖಲೆ ಮಾರ್ಟಿ ಹತ್ತಿರ ಇದೆ. ಪಾಂಟಿಯಾಕ್‌ನವರಿಗೆ ಅಂಥದ್ದೇ ದಾಖಲೆ ಕೊಡುವ ಪಿಎಚ್‌ಎಸ್ ಇದೆ. ಅಮೆರಿಕದಲ್ಲಿ ಮಾರಿದ ಷೆವ್ರೊಲೆಗಳಿಗೆ ಅಂಥದ್ದೇನೂ ಇಲ್ಲ. ಕೆನಡಾದಲ್ಲಿ ಮಾರಿದ್ದಾದರೆ ಕಂಪನಿ ದಾಖಲೆ ಸಿಗುತ್ತೆ, ಗಡಿ ದಾಟಿದ ಈಚೆ ಕಡೆಯವರಿಗೆ ಇಲ್ಲ! 1969ರ ಕ್ಯಾಮರೋ ವಿನ್ ನಂಬರ್ ನೋಡಿದರೆ ಆರು ಸಿಲಿಂಡರೋ ಎಂಟೋ ಅಂತ ಮಾತ್ರ ಗೊತ್ತಾಗುತ್ತೆ. ಎಸ್‌ಎಸ್ (ಕ್ಯಾಮರೋದ ಇನ್ನೊಂದು ಜೋರು ದರ್ಜೆ) ಹೌದೋ, ಝಡ್/28 ಹೌದೋ ಅಂತ ಹೇಳಲ್ಲ. ಅದಕ್ಕೇ ಪ್ರೊಟೆಕ್ಟ್-ಓ-ಪ್ಲೇಟ್ ಅನ್ನೋ ವಾರಂಟಿ ತಗಡು, ಸೀಟಿನ ಸ್ಪ್ರಿಂಗ್ ಒಳಗೋ ಪೆಟ್ರೋಲ್ ಟ್ಯಾಂಕ್ ಮೇಲೋ ಸಿಕ್ಕಿಕೊಂಡ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಪಟ್ಟಿ), ಇವಕ್ಕೆ ಅಷ್ಟು ಬೆಲೆ. ಕಾರಿಗಿಂತ ಆ ಹರಿದ ಕಾಗದವನ್ನೇ ಜನ ಮೊದಲು ನೋಡ್ತಾರೆ.

ಗ್ರೀಸ್ ಕೈ:
ಮತ್ತೆ ಆ ಕಾಗದವನ್ನೂ ಈಗ ಹೊಸದಾಗಿ ಮಾಡ್ತಾರೆ. ಟೀ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ ಬಿಲ್ಡ್ ಶೀಟನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ. ಇಲಿ ಕಚ್ಚಿದ ಗುರುತು ಕೂಡ ಇತ್ತು, ಕತ್ತರಿಯಿಂದ ಮಾಡಿದ್ದು.

ಉರುಳೋ ಚಕ್ರ:
😂😂 ಇಲಿಗೂ ಕತ್ತರಿ!

ಸುಮ್ನೆ ಓದ್ತೀನಿ:
ಒಂದು ಅನುಮಾನ. ಇಷ್ಟೆಲ್ಲ ಆಯ್ಕೆ ಕೊಡ್ತಿದ್ದವರು ಈಗ ಯಾಕೆ ಕೊಡಲ್ಲ? ನನ್ನ ಈಗಿನ ಕಾರಿಗೆ ಬಿಸಿ ಸೀಟು ಬೇಕು ಅಂದ್ರೆ ಜೊತೆಗೆ ಸನ್‌ರೂಫ್, ದೊಡ್ಡ ಚಕ್ರ, ಬೇಡದ ಸ್ಪೀಕರ್ ಎಲ್ಲ ತಗೊಳ್ಳಲೇಬೇಕಾಯ್ತು.

ಲೆಕ್ಕದ ಮೇಷ್ಟ್ರು:
ಎರಡು ಕಾರಣ. 70ರ ದಶಕದಲ್ಲಿ ಹೊಗೆ ನಿಯಮ ಬಂತು. ಎಂಜಿನ್ನು ಗೇರ್‌ಬಾಕ್ಸಿನ ಬೇರೆ ಬೇರೆ ಜೋಡಿಗಳನ್ನು ಪರೀಕ್ಷೆ ಮಾಡಿಸಿ ಪಾಸು ಮಾಡಿಸಬೇಕು. ವರ್ಷಕ್ಕೆ ಹತ್ತು ಜನ ಕೊಳ್ಳುವ ಜೋಡಿಗೆ ಯಾರು ಖರ್ಚು ಮಾಡ್ತಾರೆ? ಎರಡನೆಯದು ಜಪಾನಿನವರು. ಎಲ್ಲ ಸೇರಿಸಿದ ಎರಡೋ ಮೂರೋ ದರ್ಜೆ ಅಷ್ಟೇ, ಬಾಕಿ ಬಣ್ಣ ನಿಮ್ಮಿಷ್ಟ. ಅಸೆಂಬ್ಲಿ ಲೈನಿನಲ್ಲಿ ಗೊಂದಲ ಕಮ್ಮಿ, ಗುಣಮಟ್ಟ ಜಾಸ್ತಿ. ಡೆಟ್ರಾಯಿಟ್ ಕೂಡ ಅದನ್ನೇ ಕಲಿಯಿತು.

ಕಾರ್ಬುರೇಟರ್ ಅಕ್ಕ:
ಜನರಿಗೆ ಆಯ್ಕೆ ಕೊಟ್ಟರೆ ಒಳ್ಳೆಯದನ್ನೇ ಆರಿಸ್ತಾರೆ ಅಂತಲೂ ಇಲ್ಲ. 1974ರಿಂದ 76ರವರೆಗೆ ಜಿಎಂ ದೊಡ್ಡ ಬ್ಯೂಕ್, ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್‌ಗಳಿಗೆ ಏರ್‌ಬ್ಯಾಗ್ ಆಪ್ಷನ್ ಕೊಟ್ಟಿತ್ತು. ಹೌದು, 1974ರಲ್ಲೇ! ಮೂರು ವರ್ಷದಲ್ಲಿ ಕೊಂಡವರು ಸುಮಾರು 10,000. ಅದೇ ಜನ ವಿನೈಲ್ ಛಾವಣಿಗೆ ಮುಗಿಬಿದ್ದು ದುಡ್ಡು ಕೊಟ್ಟರು. ಆ ಛಾವಣಿ ಕೆಳಗೆ ನೀರು ನಿಂತು ತಗಡು ತುಕ್ಕು ಹಿಡಿಯಿತು ಅನ್ನೋದು ಬೇರೆ ಮಾತು.

ಶಿವಮೊಗ್ಗ ಸ್ಟ್ಯಾಂಡ್:
ತುಕ್ಕು, ನೀರು ಅಂದ್ರೆ ಸ್ಟುಡಿಬೇಕರ್ ವ್ಯಾಗನೇರ್! 1963ರದ್ದು. ಹಿಂಭಾಗದ ಛಾವಣಿ ಮುಂದಕ್ಕೆ ಜಾರುತ್ತೆ, ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿಕೊಂಡು ಹೋಗಬಹುದು. ಮಳೆ ಬಂದರೆ ಸೋರುತ್ತೆ. ಆ ಕಾರಿಗೆ ಅದೇ ಕಂಪನಿಯ ಸ್ಪೋರ್ಟ್ಸ್ ಕಾರು ಅವಂತಿಯ ಸೂಪರ್‌ಚಾರ್ಜರ್ ಹಾಕಿದ ಎಂಜಿನ್ ಕೂಡ ಬರೆಸಬಹುದಿತ್ತು. ಫ್ರಿಜ್ ಸಾಗಿಸೋಕೆ ಅಷ್ಟು ಅವಸರ ಯಾರಿಗೋ!

ಮೂರನೇ ಗೇರ್:
ಇವತ್ತು ಹೋಗಿ ನೋಡಿದೆ. ಬಾಗಿಲಿನ ತಗಡಿನಲ್ಲಿ 65ಸಿ ಇದೆ, ಬೆಂಚ್ ಅಸಲಿ. ನಾನೇ ತರಿಸಿದ ಮಾರ್ಟಿ ರಿಪೋರ್ಟ್ ಪ್ರಕಾರ ಆರ್ಡರ್ ಹೋದದ್ದು ಟೆಕ್ಸಾಸ್‌ನ ಹ್ಯೂಸ್ಟನ್ ಜಿಲ್ಲೆಯಿಂದ. ಏಸಿ ಯಾಕೆ ಅಂತ ಈಗ ಅರ್ಥವಾಯ್ತು. ರೇಡಿಯೋ ಜಾಗದಲ್ಲಿ ಮುಚ್ಚಳ ಇದೆ. ಮಾರುವವನು ಇನ್ನೂ "ಒನ್ ಆಫ್ ಒನ್" ಬಿಟ್ಟಿಲ್ಲ.

ಬಿಸ್ಕೇನ್ ಭಕ್ತ:
ಹ್ಯೂಸ್ಟನ್ ಅಂದಮೇಲೆ ಕಥೆ ಕೂಡಿಬರುತ್ತೆ. ಸೆಕೆಗೆ ಏಸಿ, ಏಸಿ ಎಳೆಯೋಕೆ ವಿ8. ಉಳಿದ ಕಡೆ ಕೈ ಬಿಗಿ. ಶೋಕಿಗೆ ಕೊಂಡ ಕಾರಲ್ಲ ಅದು. ಮೇಷ್ಟ್ರು ಏನೇ ಹೇಳಲಿ, ನನಗೆ ಇಂಥ ಕಾರೇ ಇಷ್ಟ. ಆರ್ಡರ್ ಫಾರ್ಮ್ ತುಂಬಿದ ಮನುಷ್ಯ ಕಣ್ಣಿಗೆ ಕಾಣ್ತಾನೆ.

ಲೆಕ್ಕದ ಮೇಷ್ಟ್ರು:
ಇಷ್ಟಪಡಿ, ಬೇಡ ಅಂದವರು ಯಾರು? ಇಷ್ಟಕ್ಕೆ ಕಾಲು ಭಾಗ ಜಾಸ್ತಿ ಕೊಡಬೇಡಿ ಅಂದೆ. ಮುಂದೆ ಮಾರುವಾಗ ನೂರರಲ್ಲಿ ತೊಂಬತ್ತು ಜನ ನಾಲ್ಕು ಗೇರೋ ಆಟೋಮ್ಯಾಟಿಕ್ಕೋ ಕೇಳ್ತಾರೆ, ಬಕೆಟ್ ಸೀಟು ಕೇಳ್ತಾರೆ. ಅಪರೂಪ ಆಗೋಕೆ ಒಂದು ಕಾರಣ ಯಾರಿಗೂ ಬೇಡವಾಗಿತ್ತು ಅನ್ನೋದೂ ಹೌದು.

ಗ್ರೀಸ್ ಕೈ:
ಆಂಟೆನಾ ತೂತು ನೋಡಿದ್ರಾ? ಆ ವರ್ಷ ಆಂಟೆನಾ ಬಲಗಡೆಯ ಮುಂದಿನ ಫೆಂಡರ್ ಮೇಲೆ ಬರುತ್ತದೆ. ರೇಡಿಯೋ ಇಲ್ಲದೆ ಬಂದ ಕಾರಿನಲ್ಲಿ ತೂತೇ ಇರಬಾರದು. ಫೆಂಡರ್ ಅಡಿಯಿಂದ ಬೆರಳಾಡಿಸಿ. ಮುಚ್ಚಿದ ವೆಲ್ಡಿಂಗ್ ಇದ್ದರೆ ಕೈಗೆ ಒರಟಾಗಿ ಸಿಗುತ್ತೆ.

ಮೂರನೇ ಗೇರ್:
ಮತ್ತೆ ಹೋಗಿದ್ದೆ. ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒರಟು ಇದೆ. ಮೇಲಿನಿಂದ ಬಣ್ಣ ನುಣ್ಣಗಿದೆ, ಏನೂ ಕಾಣಲ್ಲ.

ಹೆಮಿ ಹುಚ್ಚ:
ಹಾಗಾದ್ರೆ ಆ ಫೆಂಡರ್ ಬೇರೆ ಕಾರಿನದ್ದು. ಈಗ ಅದು "ಟೂ ಇನ್ ಒನ್". 🤣

ಗ್ರೀಸ್ ಕೈ:
ಬೇರೆ ಕಾರಿನದ್ದೇ ಇರಬಹುದು, ಇಲ್ಲಾ ಯಾರೋ ನಡುವೆ ರೇಡಿಯೋ ಹಾಕಿಸಿ ಆಮೇಲೆ ತೆಗೆದಿರಬಹುದು. ಅದು ದೊಡ್ಡ 'ಐಬು' ಅಲ್ಲ. ಆದರೆ ಬೆಲೆ ಇಳಿಸೋಕೆ ಒಳ್ಳೆ ಮಾತು. ಬಲಗಡೆ ಒಮ್ಮೆ ಗುದ್ದಿಸಿಕೊಂಡಿದೆಯಾ ಅಂತ ನೋಡಿ: ರೇಡಿಯೇಟರ್ ಪಕ್ಕದ ತಗಡು ಸುಕ್ಕಾಗಿದೆಯಾ, ಬಾನೆಟ್ ಎರಡೂ ಕಡೆ ಸಮ ಕೂರುತ್ತಾ.

ಎಲ್ಲಕ್ಕಿಂತ ಮುಖ್ಯ, ಯಾರೂ ಕೇಳಿಲ್ಲ ಇಲ್ಲಿ: ಕೌಲ್ ಹೇಗಿದೆ? ಮುಂದಿನ ಗಾಜಿನ ಕೆಳಗೆ ಗಾಳಿ ಹೋಗುವ ಜಾಲರಿ ಇರುತ್ತಲ್ಲ, ಅಲ್ಲಿ ನೀರು ಸುರಿಯಿರಿ. ಒಳಗೆ ಹೋಗಿ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆ ಆದರೆ ಕೌಲ್ ತುಕ್ಕು ತಿಂದಿದೆ ಅಂತ ಅರ್ಥ. ಅದರ ರಿಪೇರಿಗೆ ಬಾಡಿ ಅರ್ಧ ಬಿಚ್ಚಬೇಕು. ಹ್ಯೂಸ್ಟನ್ ಕಾರು ಅಂತ ಧೈರ್ಯ ಮಾಡಬೇಡಿ, ಮಿಶಿಗನ್‌ಗೆ ಯಾವಾಗ ಬಂತೋ, ಎಷ್ಟು ಚಳಿಗಾಲ ಉಪ್ಪಿನ ರಸ್ತೆಯಲ್ಲಿ ಓಡಿತೋ.

ಮೂರನೇ ಗೇರ್:
ಶನಿವಾರ ಚೊಂಬು ತಗೊಂಡು ಹೋಗ್ತೀನಿ.

ಸುಮ್ನೆ ಓದ್ತೀನಿ:
ಇನ್ನೂ ಬಣ್ಣ ಹೇಳಿಲ್ಲ ನೀವು.